ಅಬು ಲಬೀಬ್‌ಗೆ ಕೊಡದ ಚೀಟಿ

ಯಾಫಾ, ಏಪ್ರಿಲ್ 6, 1948

ಇವತ್ತೂ ಇನ್ನೂರು ಕರಪತ್ರ. ಬೆರಳೆಲ್ಲ ಮಸಿ. ‘ಊರು ಬಿಟ್ಟವನು ಊರು ಮಾರಿದವನು’ — ಸಾಲು ನನ್ನದೇ. ಮಧ್ಯಾಹ್ನ ಊರು ಕಾಯುವ ಸಮಿತಿಯ ಕಚೇರಿ. ನಮ್ಮ ಮೊಹರಿನ ಚೀಟಿಯಿಲ್ಲದೆ ಯಾವ ಗಂಡಸೂ ಊರು ದಾಟುವಂತಿಲ್ಲ. ಹನ್ನೊಂದು ಜನ ಕೇಳಲು ಬಂದರು. ಎಲ್ಲರನ್ನೂ ವಾಪಸು ಕಳಿಸಿದೆ. ಹೆಮ್ಮೆ.

ಏಪ್ರಿಲ್ 9, ಸಂಜೆ

ಕ್ಷೌರದ ಅಬು ಲಬೀಬ್ ಮನೆಗೇ ಬಂದ. ನನ್ನ ಹುಟ್ಟುಗೂದಲು ತೆಗೆದವನು. ಹೆಂಡತಿ ಮಕ್ಕಳು ನಾಬ್ಲುಸ್‌ಗೆ ಹೊರಟಿದ್ದಾರಂತೆ. ಜೊತೆಗೆ ಹೋಗಲು ಚೀಟಿ ಬೇಕಂತೆ. ಅಮ್ಮ ಕಾಫಿ ತಂದಳು. ಬಟ್ಟಲನ್ನು ಮುಂದಿಟ್ಟುಕೊಂಡ, ಕುಡಿಯಲಿಲ್ಲ. ಕೇಳಿದ್ದು ನಡೆಯುವ ತನಕ ಅತಿಥಿ ಕುಡಿಯುವುದಿಲ್ಲ. ಕುಡಿಯದೆ ಎದ್ದರೆ ಕಾಫಿ ಕೊಟ್ಟ ಮನೆಯ ಮಾನ ಹೋದಂತೆ.

“ಹತ್ತೇ ದಿನ ಕಣಪ್ಪ ಜವ್ದತ್. ಬಿಟ್ಟು ಬಂದ್ಬಿಡ್ತೀನಿ.”

ಇದೆಲ್ಲ ಪಾಷಾಗಳ ಕಾಲದ ಆಚಾರ ಎಂದು ಭಾಷಣ ಬಿಗಿದೆ. ಬಟ್ಟಲೆತ್ತಿ ನಾನೇ ಕುಡಿದುಬಿಟ್ಟೆ. ಅವನೆದುರಿಗೇ. ಅಮ್ಮ ಮುಖ ಮುಚ್ಚಿಕೊಂಡಳು.

ಅವನು ಮಾತ್ರ ನಕ್ಕ. “ಕೂದಲು ಬೆಳೆದಿದೆ ನಿಂಗೆ. ನಾಳೆ ಅಂಗಡಿ ಕಡೆ ಬಾ. ಇದ್ದೇ ಇರ್ತೀನಲ್ಲ, ನಿನ್ನ ದಯದಿಂದ.”

ಹೋಗುವುದಿಲ್ಲ.

ಏಪ್ರಿಲ್ 29

ನಾಲ್ಕು ದಿನದಿಂದ ಯಹೂದಿ ಪಡೆಗಳ ಶೆಲ್ಲು. ಸಮಿತಿಯ ಹಿರಿಯರು ದೋಣಿ ಹತ್ತಿದರು. ನಾಳೆಗೆ ಲಾರಿ ಸಿಕ್ಕಿದೆ. ಅಮ್ಮನನ್ನು ನಾಬ್ಲುಸ್‌ಗೆ ಬಿಟ್ಟು ಬರುತ್ತೇನೆ. ಹತ್ತೇ ದಿನ...

ಚೀಟಿಗೆ ಮೊಹರು ನಾನೇ ಒತ್ತಿಕೊಂಡೆ.

ನಾಬ್ಲುಸ್, ಜೂನ್ 19

ಶಾಲೆಯ ಒಂದು ಕೋಣೆ, ನಾಲ್ಕು ಸಂಸಾರ, ನಡುವೆ ಕಂಬಳಿಯ ಪರದೆ. ಆಚೆ ಬದಿ ಅಬು ಲಬೀಬರ ಹೆಂಡತಿ ಉಮ್ಮ್ ಲಬೀಬ್, ಮಕ್ಕಳು. ಯಾಫಾದಲ್ಲಿ ಅವರ ಬೀದಿಗೆ ಶೆಲ್ಲು ಬಿದ್ದ ಮೇಲೆ ಅಬು ಲಬೀಬರನ್ನು ಕಂಡವರಿಲ್ಲ.

ಈ ಹೊತ್ತಿಗೆ ಯಾಫಾದಲ್ಲಿ ಸಿನಿಮಾ ಬಿಡುತ್ತಿತ್ತು. ಗಡಿಯಾರ ಗೋಪುರದ ಕೆಳಗೆ ಕಡಲೆ ಹುರಿಯುವ ವಾಸನೆ. ಬಂದರಿನಿಂದ ಕಿತ್ತಳೆಯದು. ಯಾವ ಬೀದಿ ನೆನೆದರೂ ಅವರ ಕ್ಷೌರದಂಗಡಿಯ ಮುಂದೆ ಹೋಗಿ ನಿಲ್ಲುತ್ತದೆ.

ಇಲ್ಲಿಯವರು ನನ್ನನ್ನು ಹೋರಾಟಗಾರ ಎನ್ನುತ್ತಾರೆ. ಅಮ್ಮ ಆಗೆಲ್ಲ ಎದ್ದು ಹೊರಗೆ ಹೋಗುತ್ತಾಳೆ.

ಜೂನ್ 23

ಉಮ್ಮ್ ಲಬೀಬ್ ನನ್ನ ಕೈಲಿ ಕಾಗದ ಬರೆಸಿದರು. ಗಂಡನನ್ನು ಹುಡುಕಿಕೊಡಿ ಎಂದು, ರೆಡ್ ಕ್ರಾಸಿಗೆ. ಹೆಸರು, ವಯಸ್ಸು, ಕಸುಬು ಬರೆದೆ.

“ಯಾಕೆ ಉಳಿದ್ರು ಅಂತಾನೂ ಬರಿ ಮಗಾ. ಊರು ಕಾಯೋಕೆ ತಾವಾಗೇ ಉಳಿದ್ರು. ಹಾಗಂತ ನಂಗೆ ಅವರೇ ಹೇಳಿದ್ದು.”

ತಡೆದವನು ನಾನೆಂದು ಅವರು ಹೆಂಡತಿಗೂ ಹೇಳಿಲ್ಲ.

ಬರೆದೆ. ಓದು ಎಂದರು. ಓದಿದೆ.

“ಅಷ್ಟು ಹಟ ಎಲ್ಲಿತ್ತೋ ಆ ಮನುಷ್ಯನಿಗೆ. ಕತ್ತರಿ ಬಿದ್ರೂ ಬೆಚ್ಚಿಬೀಳ್ತಿದ್ರು.” ನಗುತ್ತ ಕಣ್ಣೊರೆಸಿಕೊಂಡರು. ನನಗೆ ಹರಸಿದರು ಕೂಡ.

ಜೂನ್ 24, ಬೆಳಿಗ್ಗೆ

ಕಾಗದ ಇನ್ನೂ ನನ್ನ ಜೇಬಲ್ಲಿದೆ. ಈ ಸುಳ್ಳನ್ನು ಕಳಿಸಲಾರೆ. ಪರದೆಯಾಚೆ ಉಮ್ಮ್ ಲಬೀಬ್ ಎದ್ದಿದ್ದಾರೆ, ಮಗುವನ್ನು ಗದರುತ್ತಿದ್ದಾರೆ. ಹೇಳಬೇಕಾದ್ದನ್ನು ಮೊದಲು ಇಲ್ಲಿ ಬರೆದುಕೊಂಡು ಹೋಗುತ್ತೇನೆ — ಉಮ್ಮ್ ಲಬೀಬ್, ಅವರು ತಾವಾಗಿ ಉಳಿಯಲಿಲ್ಲ. ಚೀಟಿ ಕೇಳಲು ಬಂದಿದ್ದರು. ಕೊಡದೆ ಇದ್ದವನು —