ಅಣ್ಣ ಕುಡಿದಿರಲಿಲ್ಲ

ಅತ್ತಿಗೆ,

ಹಾಲು ಕಾಯಿಸಿಟ್ಟಿದ್ದೀನಿ. ಅಮ್ಮನ ಬಿಪಿ ಮಾತ್ರೆ ತಿಂಡಿ ಆದ್ಮೇಲೆ ಕೊಡಿ, ಮೊದಲೇ ಕೊಟ್ರೆ ತಲೆ ಸುತ್ತು ಅಂತಾಳೆ. ಹೊಲಿಗೆ ಅಂಗಡಿ ಇವತ್ತು ತೆಗೆಯಲ್ಲ. ಯಾರಾದ್ರೂ ಪ್ಯಾಂಟು ಕೇಳ್ಕೊಂಡು ಬಂದ್ರೆ ನಾಳೆ ಅನ್ನಿ.

ನಾನು ಆಸ್ಪತ್ರೆಗೆ ಹೋಗ್ತಿದ್ದೀನಿ. ನಿನ್ನೆ ಹೇಳೋಕೆ ಬಾಯಿ ಬರಲಿಲ್ಲ. ಅಣ್ಣನಿಗೆ ಇದ್ದದ್ದೇ ನನಗೂ ಶುರುವಾಗಿದೆ. ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಇವತ್ತು ಸ್ಕ್ಯಾನ್ ಮಾಡಿ ನೋಡ್ತಾರಂತೆ.

ಜನ್ಮದಲ್ಲಿ ಒಂದು ಹನಿ ಮುಟ್ಟಿದವನಲ್ಲ ಅಂತ ಡಾಕ್ಟರಮ್ಮನಿಗೆ ಹೇಳಿದೆ. "ಕುಡೀಲೇಬೇಕು ಅಂತಿಲ್ಲಪ್ಪ," ಅಂದ್ರು. "ಸಕ್ಕರೆ ಕಾಯಿಲೆ, ಬೊಜ್ಜು, ಇಡೀ ದಿನ ಕೂತು ಮಾಡೋ ಕೆಲಸ, ಇಷ್ಟೇ ಸಾಕು. ಲಿವರಲ್ಲಿ ಕೊಬ್ಬು ಸೇರಿ, ಊದಿಕೊಂಡು, ಒಳಗೇ ಗಾಯ ಆಗುತ್ತೆ. ಮಾಯ್ದ ಕಡೆಯೆಲ್ಲ ಕಲೆ ಉಳಿಯುತ್ತೆ. ವರ್ಷಗಟ್ಟಲೆ ಕಲೆ ಮೇಲೆ ಕಲೆ ಕೂತು ಗಟ್ಟಿಯಾಗುತ್ತೆ. ನೋವೇ ಇರಲ್ಲ, ಗೊತ್ತಾಗೋದು ಹೇಗೆ?"

ಅಣ್ಣನೂ ಅದನ್ನೇ ಹೇಳ್ತಿದ್ದ, ನಾನು ಮುಟ್ಟಿಲ್ಲ ಕಣೋ ಅಂತ. ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಅವನು ಮಲಗಿದ್ದಾಗ, ನಾನು ಬೀರುವಿನ ಬಟ್ಟೆಯೆಲ್ಲ ಕಿತ್ತುಹಾಕಿ ಬಾಟಲಿ ಹುಡುಕಿದೆ. ಸಿಗದಿದ್ದಕ್ಕೆ, "ಎಲ್ಲಿ ಬಚ್ಚಿಟ್ಟಿದ್ದೀಯೋ ಕಳ್ಳ?" ಅಂದೆ. ಅವನು ಗೋಡೆ ಕಡೆ ತಿರುಗಿದ. ಆಮೇಲೆ ಪ್ರಾಣ ಹೋಗೋ ತನಕ ನನ್ನ ಹತ್ತಿರ ಮಾತಾಡಲೇ ಇಲ್ಲ. ನೀವು ತುಟಿಪಿಟಕ್ಕೆನ್ನದೆ ಬಟ್ಟೆ ಮಡಿಸಿಟ್ರಿ.

ಅಮ್ಮನಿಗೆ ನಾನೇ ಬಂದು ಹೇಳ್ತೀನಿ. ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ, ನನಗೋಸ್ಕರ ಕಾಯಬೇಡಿ. ಸಂಜೆ ಬಂದಾಗ ಮಾತ್ರ ಸುಮ್ಮನಿರಬೇಡಿ ಅತ್ತಿಗೆ. ಆವತ್ತು ಅನ್ನದೆ ಬಿಟ್ಟಿದ್ದನ್ನೆಲ್ಲ ನನಗೆ ಅಂದುಬಿಡಿ.