ನಂದು ಎನ್ನುವವರೆಗೆ

ಸೆಪ್ಟೆಂಬರ್ 9, ಸೋಮವಾರ. ಬೆಳಿಗ್ಗೆ 6

ಶನಿವಾರದ ಕಾಲೇಜು ಫುಟ್‌ಬಾಲ್ ಆಟದ ವಿಡಿಯೊ ಮತ್ತೆ ಹಾಕಿಕೊಂಡು ಕೂತೆ. ಕಾಫಿ ಆರಿಹೋಯಿತು. ಟೆರೆನ್ಸ್ ವೀಕ್ಸ್ ಅದೇ ಕೆಲಸ ಮಾಡಿದ್ದಾನೆ. ಎದುರಾಳಿಯ ರಿಸೀವರ್, ಎಸೆದ ಚೆಂಡು ಹಿಡಿಯಬೇಕಾದವನು, ಮೈದಾನಕ್ಕೆ ಅಡ್ಡವಾಗಿ ಓಡಿದ, ಇವನೂ ಬೆನ್ನಿಗೆ ಬಿದ್ದ. ತನ್ನ ಜಾಗ ದಾಟಿದ, ಪಕ್ಕದ ಜೋಯಲ್ ಕೈಪರ್‌ನ ಜಾಗವನ್ನೂ ದಾಟಿದ. ಜೋಯಲ್ ಕೈಯೆತ್ತಿ "ನಂದು, ನಂದು" ಅಂತ ಕೂಗುತ್ತಿದ್ದಾನೆ. ಕೇಳುವವರು ಯಾರು? ಟೆರೆನ್ಸ್ ಬಿಟ್ಟುಬಂದ ನಡುಜಾಗ ಖಾಲಿ. ಚೆಂಡು ನೇರ ಅಲ್ಲಿಗೇ ಬಂತು... ಸೋತೆವು.

ಲೈನ್‌ಬ್ಯಾಕರ್‌ಗಳಿಗೆ, ನಡುಜಾಗ ಕಾಯುವ ಈ ಹುಡುಗರಿಗೆ, ನಾನು ಹೇಳಿಕೊಡುವುದು ಇಷ್ಟೇ. ಅವರು ಚೆಂಡು ಎಸೆಯುವಾಗ ನಿನ್ನ ಪಾಲಿನ ನೆಲ ಕಾಯಿ. ರಿಸೀವರ್ ಅಡ್ಡ ಬಂದರೆ ಗಡಿಯವರೆಗೆ ಜೊತೆಗೆ ಹೋಗು. "ನಿಂದು" ಎಂದು ಕೂಗು. ಪಕ್ಕದವನು "ನಂದು" ಎನ್ನುವವರೆಗೆ ಬಿಡಬೇಡ. ಎಂದಮೇಲೆ ಬಿಟ್ಟು ವಾಪಸ್ ಬಾ. ಎಲ್ಲರೂ ಬೇಗ ಬಿಟ್ಟು ಬೈಸಿಕೊಳ್ಳುತ್ತಾರೆ. ಬಿಡುವುದನ್ನೇ ಅರಿಯದವನು ಇವನೊಬ್ಬ.

ಹೆಡ್ ಕೋಚ್ ಬಾಗಿಲಲ್ಲೇ ನಿಂತು ಹೇಳಿ ಹೋದರು. "ಡೋಬ್ಸ್, ಇವನನ್ನ ಸರಿಮಾಡು. ಇಲ್ಲಾಂದ್ರೆ ಬೆಂಚಲ್ಲಿ ಕೂರಿಸ್ತೀನಿ." ಕಾಲೇಜಿನ ಕೊನೆಯ ವರ್ಷ ಅವನಿಗೆ. ಬೆಂಚ್‌ಗೆ ಹೋದರೆ ಅಲ್ಲಿಗೆ ಮುಗಿಯಿತು.

ಸೆಪ್ಟೆಂಬರ್ 11

ಸಂಜೆಯೆಲ್ಲ ಅದೊಂದೇ ಡ್ರಿಲ್. ಟೆರೆನ್ಸ್ ಜಾಗ ಬಿಟ್ಟಾಗಲೆಲ್ಲ ಚೆಂಡನ್ನು ನಾನೇ ಆ ಖಾಲಿ ಜಾಗಕ್ಕೆ ಎಸೆದೆ. ಹುಲ್ಲಿನ ಮೇಲೆ ಬಿದ್ದದ್ದೇ ಬಿದ್ದದ್ದು.

ಜೋಯಲ್‌ಗೆ ಸಿಟ್ಟು ಬಂತು. "ಲೋ ಟೆರೆನ್ಸ್, ನಾನೇನು ಇಲ್ಲಿ ಬೇಲಿ ಗೂಟನಾ? ಕೂಗಿ ಕೂಗಿ ಗಂಟ್ಲು ಬಿದ್ದೋಯ್ತು."

"ಕೇಳಿಸ್ತು ಕಣೋ."

"ಕೇಳಿಸಿದ್ರೆ ಬಿಡಬೇಕು ತಾನೇ?"

"ನಿನ್ ಕೈಯಿಂದ ಅವನು ತಪ್ಪಿಸಿಕೊಂಡ್ರೆ?"

ಜೋಯಲ್ ಹಂದಿ ಸಾಕುವವರ ಮನೆಯ ಹುಡುಗ. ಇನ್ನೂರು ಪೌಂಡಿನ ಹಂದಿಯನ್ನು ತೋಳಲ್ಲಿ ತಡೆದವನಿಗೆ ಈ ಮಾತು. ಪಾಪ, ಮುಖ ಕೆಂಪಾಯಿತು.

ಸೆಪ್ಟೆಂಬರ್ 20, ಶುಕ್ರವಾರ

ಮೀಟಿಂಗ್‌ನಲ್ಲಿ ಟೆರೆನ್ಸ್ ನಿದ್ದೆಹೋದ. ಎಲ್ಲರೆದುರು ಗದರಿದೆ. ಆಮೇಲೆ ಒಬ್ಬನೇ ಬಂದ, ಕ್ಯಾಪ್ ಕೈಯಲ್ಲಿ ತಿರುವುತ್ತ ನಿಂತ.

ಅಜ್ಜಿ ಒಡೆಸ್ಸಾಗೆ ಮರೆವು ಶುರುವಾಗಿದೆಯಂತೆ. ಒಲೆ ಉರಿಯಲು ಬಿಟ್ಟು ಮಲಗುತ್ತಾಳೆ. ಹೋದವಾರ ಮನೆಯ ಚಪ್ಪಲಿಯಲ್ಲೇ ಬಸ್‌ಸ್ಟಾಪ್‌ಗೆ ಹೋಗಿ ಕೂತಿದ್ದಳು. ಇವನು ದಿನಾ ಪ್ರಾಕ್ಟೀಸ್ ಮುಗಿಸಿ ಊರಿಗೆ ಕಾರು ಓಡಿಸಿ, ಬೆಳಗಾಗುವ ಮೊದಲೇ ಎದ್ದು ತರಗತಿಗೆ ಬರುತ್ತಾನೆ. ಅಪ್ಪ ಅಮ್ಮ ಇಲ್ಲದವನನ್ನು ಸಾಕಿದವಳು ಅವಳು.

"ಆಟ ಬಿಟ್ಟುಬಿಡ್ತೀನಿ ಕೋಚ್. ಎರಡೂ ಆಗಲ್ಲ."

"ಬೇರೆ ಯಾರಾದ್ರೂ ಸ್ವಲ್ಪ ಹೊತ್ತು ನೋಡ್ಕೊಂಡ್ರೆ?"

"ಯಾರಿಗೆ ಅಂತ ಕೊಡ್ಲಿ? ಅವಳು ನಂಗಲ್ವಾ ಸೇರಿದವಳು."

ಆಗ ಹೊಳೆಯಿತು. ಮೈದಾನದ ಕೆಟ್ಟ ಚಾಳಿ ಮೈದಾನದಲ್ಲಿ ಹುಟ್ಟಿದ್ದಲ್ಲ. ಗದರಿದ್ದಕ್ಕೆ ನಾಚಿಕೆಯಾಯಿತು. ಈ ತಿಂಗಳು ಮುಗಿಯಲಿ, ಆಮೇಲೆ ಹೇಳು ಎಂದೆ.

ಸೆಪ್ಟೆಂಬರ್ 22, ಭಾನುವಾರ

ನನ್ನ ಹೆಂಡತಿ ಜೂನ್ ಬಿಡಲಿಲ್ಲ. ಅವಳು ಒಮ್ಮೆ ಕೋಳಿ-ನೂಡಲ್ಸ್ ಬೇಯಿಸಿ ಪಾತ್ರೆ ಮುಚ್ಚಿದಳೆಂದರೆ, ಅದು ಯಾರದಾದರೂ ಮನೆಗೆ ಹೋಗಲೇಬೇಕು. ಇಬ್ಬರೂ ಟೆರೆನ್ಸ್ ಮನೆಗೆ ಹೋದೆವು.

ಒಡೆಸ್ಸಾ ಗಟ್ಟಿಗಿತ್ತಿ. ಬೆನ್ನು ನೆಟ್ಟಗೆ. ನನ್ನನ್ನು ಚರ್ಚಿನವನೆಂದುಕೊಂಡು ಮೊದಲು ಪ್ರಾರ್ಥನೆ ಮಾಡಿಸಿದಳು. ಊಟದ ನಡುವೆ ಕೇಳಿದಳು. "ನಮ್ ಹುಡುಗ ಆಟದಲ್ಲಿ ಏನು ತಪ್ಪು ಮಾಡ್ತಾನಪ್ಪ? ನಂಗೆ ಯಾರೂ ಹೇಳಲ್ಲ."

ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ ಇಟ್ಟು ಅವರಿಬ್ಬರೂ ಕಾವಲು ಎಂದೆ. ಚಮಚ ಎದುರಾಳಿ ಎಂದು ಓಡಿಸಿದೆ. ಉಪ್ಪು ಚಮಚವನ್ನು ಮೆಣಸಿಗೆ ಒಪ್ಪಿಸದೆ ಮೇಜಿನ ತುದಿಯವರೆಗೂ ಅಟ್ಟಿಸಿಕೊಂಡು ಹೋಗುತ್ತದೆ ಎಂದು ತೋರಿಸಿದೆ.

ಅವಳು ಹೊಟ್ಟೆ ತುಂಬ ನಕ್ಕಳು. "ಚಿಕ್ಕಂದಿನಿಂದ್ಲೂ ಹೀಗೇ. ನಮ್ಮ ಕೋಳಿ ತಪ್ಪಿಸಿಕೊಂಡು ಹೋದಾಗ ಪಕ್ಕದ್ಮನೆಯವರು ಹಿಡಿದು ಕೊಟ್ರು. ಇವನು ಅವರ ಮೇಲೇ ಮುನಿಸ್ಕೊಂಡ, ನಾನೇ ಹಿಡೀತಿದ್ದೆ ಅಂತ."

"ಅಜ್ಜಿ, ಸಾಕು."

"ಏನು ಸಾಕು? ಆ ಕೋಳಿ ಹೆಸರೂ ನೆನಪಿದೆ ನಂಗೆ..." ಎಂದಳು. ಹೆಸರು ಬರಲಿಲ್ಲ. ಬಹಳ ಹೊತ್ತು ಹುಡುಕಿದಳು. ಟೆರೆನ್ಸ್ ಮೆಲ್ಲಗೆ "ಡಚೆಸ್" ಎಂದ. ಅವಳು ಅವನ ಕೈ ತಟ್ಟಿದಳು. ಬರುವಾಗ ಕಾರಿನಲ್ಲಿ ಜೂನ್ ಅತ್ತಳು. ನಾನೂ.

ಅಕ್ಟೋಬರ್ 3

ಜೋಯಲ್‌ಗೆ ಅಜ್ಜಿಯ ವಿಷಯ ಹೇಗೋ ಗೊತ್ತಾಗಿದೆ. ಟೆರೆನ್ಸ್ ಕಾರು ಯಾವ ಕಡೆ ಹೋಗುತ್ತದೆಂದು ನೋಡಿದನಂತೆ. ಮನೆಯಲ್ಲಿ ಹೇಳಿದ್ದಾನೆ. ಇವತ್ತು ಅವನ ತಾಯಿ ಮಾರ್ಲಿಸ್ ಚಕ್ಕೆಪುಡಿ ಬನ್ನಿನ ತಟ್ಟೆ ಹಿಡಿದು ನನ್ನ ಆಫೀಸಿಗೇ ಬಂದಳು. ಅವರ ಫಾರ್ಮು ಟೆರೆನ್ಸ್ ಊರಿನ ಆಚೆ ಮಗ್ಗುಲಲ್ಲೇ.

"ವಾರದ ದಿನ ಅಜ್ಜಿ ನಮ್ಮನೇಲಿರಲಿ. ನಂಗೂ ಮಾತಿಗೆ ಜನ ಸಿಗ್ತಾರೆ. ಗಂಡ ಮಾತಾಡೋದು ಹಂದಿ ಜೊತೆ ಮಾತ್ರ."

ಟೆರೆನ್ಸ್‌ನನ್ನು ಕರೆಸಿದೆ. ಬಹಳ ಮರ್ಯಾದೆಯಿಂದ ಬೇಡ ಎಂದ. "ಥ್ಯಾಂಕ್ಸ್ ಮಿಸೆಸ್ ಕೈಪರ್. ನಾನು ನೋಡ್ಕೊತೀನಿ."

ಅವಳು ಬನ್ನಿನ ತಟ್ಟೆ ಅವನ ಕೈಗೇ ಕೊಟ್ಟು ಹೋದಳು. ನಾನು ತಡೆಯಲಾರದೆ ಅಂದೆ. "ನಿಂಗೆ ಯಾರ ಮೇಲೂ ನಂಬಿಕೆ ಇಲ್ಲ ಕಣೋ." ಬಾಗಿಲು ಹಾಕಿಕೊಂಡು ಹೋದ. ಅನ್ನಬಾರದಿತ್ತು...

ಅಕ್ಟೋಬರ್ 13, ಭಾನುವಾರ. ಬೆಳಿಗ್ಗೆ

ನಿನ್ನೆ ಬೇರೆ ಊರಿನಲ್ಲಿ ಆಟ. ಟೆರೆನ್ಸ್ ಬೆಂಚಿನಲ್ಲಿ. ಹೆಡ್ ಕೋಚ್ ಹೇಳಿದಂತೆಯೇ ಮಾಡಿದರು. ಆಟ ಮುಗಿದು ಬಸ್ಸು ಹತ್ತುವಾಗ ಟೆರೆನ್ಸ್‌ಗೆ ಪಕ್ಕದ ಮನೆಯವರ ಫೋನು. ಬಾಗಿಲು ತೆರೆದಿದೆ, ಅಜ್ಜಿ ಇಲ್ಲ.

ಊರು ನಾಲ್ಕು ಗಂಟೆಯ ದಾರಿ. ಅವನು ಮೆಟ್ಟಿಲ ಮೇಲೆ ಹಾಗೇ ನಿಂತ. ಮುಖ ನೋಡಲಾಗಲಿಲ್ಲ. ಆಮೇಲೆ ತಿರುಗಿ ಜೋಯಲ್‌ನನ್ನು ಕರೆದ. "ನಿಮ್ಮಮ್ಮಂಗೆ ಫೋನ್ ಮಾಡ್ತೀಯಾ?" ಅಷ್ಟೇ. ಕೇಳಿದ ಮಾತು ಅದೊಂದೇ. ಜೋಯಲ್ ಕೈಯಲ್ಲಿ ಫೋನು ಆಗಲೇ ಇತ್ತು.

ಮಾರ್ಲಿಸ್, ಅವಳ ಗಂಡ, ಎರಡು ಪಿಕಪ್‌ಗಳಲ್ಲಿ ಹುಡುಕಿದರು. ಕಾಳು ಕೂಡಿಡುವ ಕಟ್ಟಡದ ಹಿಂದೆ ಸಿಕ್ಕಳು. ಕೋಳಿ ಹುಡುಕುತ್ತಿದ್ದಳಂತೆ.

ಬಸ್ಸಿಳಿದ ಮೇಲೆ ನನ್ನ ಕಾರಿನಲ್ಲೇ ಕೈಪರ್ ಮನೆಗೆ ಹೋದೆವು. ಅಡುಗೆಮನೆಯಲ್ಲಿ ಒಡೆಸ್ಸಾ ಸೇಬಿನ ಸಿಪ್ಪೆ ತೆಗೆಯುತ್ತ ಮಾರ್ಲಿಸ್‌ಗೆ ಬೈಯುತ್ತಿದ್ದಳು. "ಇಷ್ಟು ದಪ್ಪ ಸಿಪ್ಪೆ ತೆಗೆದ್ರೆ ಹಣ್ಣು ಉಳಿಯುತ್ತೇನೇ? ನಿಮ್ಮಮ್ಮ ಏನೂ ಕಲಿಸಿಲ್ವಾ?" ಮಾರ್ಲಿಸ್ "ಇಲ್ಲಮ್ಮ, ನೀವೇ ಕಲಿಸಿ" ಎನ್ನುತ್ತಿದ್ದಳು.

ಟೆರೆನ್ಸ್ ಬಾಗಿಲಲ್ಲೇ ನಿಂತ, ಒಳಗೆ ಹೋಗಲಿಲ್ಲ. ಅಜ್ಜಿಗೆ ಇವನ ಕಡೆ ನೋಡಲೂ ಪುರುಸೊತ್ತಿರಲಿಲ್ಲ. ಮಾರ್ಲಿಸ್ ನೋಡಿದಳು. ಅವನು ಕೈಯೆತ್ತಿ ಅಜ್ಜಿಯನ್ನು ತೋರಿಸಿದ. "ಗೊತ್ತಾಯ್ತು ಮಗ, ಇನ್ಮೇಲೆ ನಮ್ಮ ಪಾಲು" ಎಂದಳು. ಅವನು ತಲೆಯಾಡಿಸಿದ.

ಅಕ್ಟೋಬರ್ 16

ಟೆರೆನ್ಸ್ ಇವತ್ತು ಬಿಟ್ಟ.

ಡ್ರಿಲ್‌ನಲ್ಲಿ ರಿಸೀವರ್ ಅಡ್ಡ ಓಡಿದ. ಇವನು ಗಡಿಯವರೆಗೆ ಹೋದ, "ನಿಂದು" ಎಂದ. ಜೋಯಲ್ "ನಂದು" ಎಂದ. ಟೆರೆನ್ಸ್ ಗಕ್ಕನೆ ನಿಂತು ತನ್ನ ಜಾಗಕ್ಕೆ ಮರಳಿದ. ಚೆಂಡು ನೇರ ಅವನ ಎದೆಗೇ ಬಂತು. ಕೈಬಿಟ್ಟ. ಎಲ್ಲರೂ ಬಿದ್ದು ಬಿದ್ದು ನಕ್ಕರು.

"ನಂಗೇನು ಗೊತ್ತು ಕೋಚ್, ಇಲ್ಲಿಗೆ ಚೆಂಡು ಬರುತ್ತೆ ಅಂತ" ಎಂದ.

"ಒಂದು ತಿಂಗಳಿಂದ ಅಲ್ಲಿಗೇ ಎಸೀತಿದ್ದೀನಲ್ಲೋ."

ನವೆಂಬರ್ 16, ಶನಿವಾರ. ಸಂಜೆ

ಕೊನೆಯ ವರ್ಷದವರ ದಿನ. ಚಳಿ. ಗ್ಯಾಲರಿ ತುಂಬ ಬೀನ್ಸ್-ಮಾಂಸದ ಚಿಲಿ ಸಾರಿನ ವಾಸನೆ.

ಆಟಕ್ಕೆ ಮುಂಚೆ ಒಬ್ಬೊಬ್ಬರ ಹೆಸರೇ ಕರೆದರು. ಹುಡುಗ ಮನೆಯವರ ಜೊತೆ ಮೈದಾನದ ನಡುವಿಗೆ ನಡೆದು ಅವರಿಗೆ ಹೂವು ಕೊಡಬೇಕು. ಒಡೆಸ್ಸಾ ಮಾರ್ಲಿಸ್‌ನ ಕೆಂಪು ಕೋಟು ಹಾಕಿಕೊಂಡು ಬಂದಳು. ಅರ್ಧ ದಾರಿಯಲ್ಲಿ ನಿಂತು ಟೆರೆನ್ಸ್‌ನ ಮುಖ ನೋಡಿದಳು.

"ನೀನು ಯಾರ ಮಗ ಕಂದ?"

ಟೆರೆನ್ಸ್ ಅವಸರಪಡಲಿಲ್ಲ. ಹೆಲ್ಮೆಟ್ ಕಂಕುಳಲ್ಲಿ ಒತ್ತಿ ಬಗ್ಗಿದ. "ಡಚೆಸ್ ಅಂತ ಕೋಳಿ ಇತ್ತಲ್ಲ, ಅದನ್ನ ಅಟ್ಟಿಸಿಕೊಂಡು ಹೋಗ್ತಿದ್ದೋನು."

"ಓ, ನೀನಾ" ಎಂದಳು. "ಸಿಕ್ತಾ?"

"ಪಕ್ಕದ್ಮನೆಯವರು ಹಿಡಿದುಕೊಟ್ರು."

"ಒಳ್ಳೇ ಜನ" ಎಂದು ಅವನ ತೋಳು ಹಿಡಿದು ನಡೆದಳು.

ಹೆಡ್ ಕೋಚ್ ಟೆರೆನ್ಸ್‌ನನ್ನು ಮತ್ತೆ ಆಟಕ್ಕೆ ಇಳಿಸಿದ್ದರು. ಆಟದ ಕೊನೆಯಲ್ಲಿ ನಾವು ಮೂರು ಅಂಕ ಮುಂದೆ, ಅವರ ಕೈಯಲ್ಲಿ ಚೆಂಡು. ರಿಸೀವರ್ ಅಡ್ಡ ಓಡಿದ. ಟೆರೆನ್ಸ್ ಕೂಗಿದ, ಜೋಯಲ್ ಕೂಗಿದ, ಟೆರೆನ್ಸ್ ಬಿಟ್ಟು ಮರಳಿದ. ಚೆಂಡು ಎಸೆಯುವ ಎದುರಾಳಿ ಕ್ವಾರ್ಟರ್‌ಬ್ಯಾಕ್ ಹಳೆಯ ವಿಡಿಯೊಗಳನ್ನೆಲ್ಲ ನೋಡಿಕೊಂಡು ಬಂದಿದ್ದ, ನಡುಜಾಗ ಖಾಲಿಯಿರುತ್ತದೆಂದೇ ಎಸೆದ. ಅಲ್ಲಿ ನಮ್ಮ ಹುಡುಗ ನಿಂತಿದ್ದ. ಈ ಸಲ ಕೈಬಿಡಲಿಲ್ಲ.

ಗೆದ್ದ ದಿನ ಕೊನೆಯ ವರ್ಷದವರು ಕಾಲೇಜಿನ ಹಳೇ ಪ್ರಾರ್ಥನಾಲಯದ ಗೋಪುರ ಹತ್ತಿ ಗಂಟೆ ಬಾರಿಸುತ್ತಾರೆ. ಟೆರೆನ್ಸ್ ಈ ಸೀಸನ್‌ನಲ್ಲಿ ಒಮ್ಮೆಯೂ ಹತ್ತಿಲ್ಲ, ಆಟ ಮುಗಿದ ಕೂಡಲೆ ಮನೆಗೆ ಓಡುತ್ತಿದ್ದ. ಹುಡುಗರೆಲ್ಲ ಆಗಲೇ ಹೊರಟಿದ್ದರು. ಜೋಯಲ್ ಗೇಟಿನಿಂದ ಕೂಗಿದ, "ಬರ್ತೀಯೋ ಇಲ್ವೋ?" ಮಾರ್ಲಿಸ್ ಕಾರು ತರಲು ಹೋಗಿದ್ದಳು. ಒಡೆಸ್ಸಾ ಅಷ್ಟರಲ್ಲಿ ತಾನಾಗಿಯೇ ಬಂದು ನನ್ನ ತೋಳಿಗೆ ಕೈ ಹಾಕಿದ್ದಳು. ಕೈ ತಣ್ಣಗಿತ್ತು.

ಟೆರೆನ್ಸ್ ಗೇಟಿನ ಕಡೆ ನೋಡಿದ. ಅಜ್ಜಿಯ ಕಡೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ಮೈದಾನದಲ್ಲಿ ಕೂಗುವ ಅದೇ ದನಿಯಲ್ಲಿ:

"ಕೋಚ್, ನಿಮ್ದು."

ಕಾಲು ಕೀಳದೆ ಕಾದ. ಉತ್ತರ ಕೇಳುವವರೆಗೆ ಬಿಡಬಾರದೆಂದು ಹೇಳಿಕೊಟ್ಟವನೇ ನಾನು. ಒಡೆಸ್ಸಾ ನನ್ನ ತೋಳು ಜಗ್ಗಿ, "ಹುಡುಗ ಕಾಯ್ತಿದಾನಲ್ಲಪ್ಪ" ಎಂದಳು. ಕಣ್ಣೊರೆಸಿಕೊಂಡು, ಕೈ ಮೇಲೆತ್ತಿ, ಇಡೀ ಗ್ಯಾಲರಿಗೆ ಕೇಳುವ ಹಾಗೆ—