ಪಂಪಿನ ಬಾವಿಗೆ ಹಾಕಿದ ಬೀಗ

ಎಂಜಿನಿಯರ್ ಸಾಹೇಬರಿಗೆ,

ಕೊಳಚೆ ನೀರು ಶುದ್ಧೀಕರಣ ಘಟಕದ ಆಪರೇಟರ್ ಭಾಗ್ಯಜ್ಯೋತಿ ಮಾಡುವ ನಮಸ್ಕಾರಗಳು.

ಇಂದು ಬೆಳಿಗ್ಗೆ, ಊರಿನ ಕೊಳಚೆ ಬಂದು ಸೇರುವ ಪಂಪಿನ ಬಾವಿಗೆ ನಾನೇ ಬೀಗ ಹಾಕಿದ್ದೇನೆ. ಫೋನಿನಲ್ಲಿ ಎಲ್ಲ ಹೇಳಲಾಗದು, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಮೀನುಬಲೆಯ ಚೂರು ಸಿಕ್ಕಿಕೊಂಡು ಪಂಪು ನಿಂತಿತು. ಕೂಡಲೇ ಬಿಡಿಸಬೇಕೆಂದು ನೀವು ಹೇಳಿದಿರಿ. ನಮ್ಮೂರು ಕನ್ನೊಳ್ಳಿಯಿಂದಲೇ ಈ ಕಡಲೂರಿಗೆ ಕೆಲಸಕ್ಕೆ ಬಂದ ಸಿದ್ದಲಿಂಗ ಇಳಿಯಲು ಹೊರಟ.

"ವಿಷಗಾಳಿ ಐತೇನಂತ ನೋಡೋ ಮಷಿನ್ ಕೆಟ್ಟೈತಿ, ಇಳೀಬ್ಯಾಡೋ ತಮ್ಮಾ" ಎಂದೆ.

"ಎರಡ ನಿಮಿಷದಾಗ ಬರ್ತೇನಿ, ಅಕ್ಕಾರ" ಎಂದು ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡ.

ಆರನೇ ಮೆಟ್ಟಿಲಿನಲ್ಲಿ ಅವನ ಮಾತು ನಿಂತಿತು. ಕರೆದರೆ ಓಗೊಡಲಿಲ್ಲ. ನಾನು ಇಳಿಯಲಿಲ್ಲ, ಇಳಿದಿದ್ದರೆ ನಾನೂ ಅಲ್ಲೇ ಬೀಳುತ್ತಿದ್ದೆ. ಹತ್ತಿರದ ಕಡಲ ದಡದಲ್ಲಿ ಮೀನು ಒಣಗಿಸುತ್ತಿದ್ದ ಮೂವರು ಹೆಂಗಸರನ್ನು ಕೂಗಿದೆ. ನಾಲ್ವರೂ ಸೇರಿ ಹಗ್ಗ ಎಳೆದೆವು. ಆಸ್ಪತ್ರೆಯಲ್ಲಿ ಅವನಿಗೆ ಎಚ್ಚರವಾಗಿದೆ. ಆದರೆ ನನ್ನನ್ನು ನೋಡಿ, "ಯಾರ್ರಿ ನೀವು?" ಎಂದು ಕೇಳುತ್ತಾನೆ.

ಇಂದು ಇನ್ನೊಬ್ಬನನ್ನು ಇಳಿಸುತ್ತೇನೆ ಎಂದಿರಿ. ಅವನ ಹೆಸರು ಕೇಳಲೂ ನನಗೆ ಭಯ. ಬಾವಿ ತುಂಬಿ ಕೊಳಕು ನೀರು ಮನೆಗಳಿಗೆ ನುಗ್ಗೀತೆಂಬ ಭಯವೂ ಇದೆ. ಆದ್ದರಿಂದ ಮನೆಮನೆಗೆ ಹೋಗಿ, ಸಂಜೆಯವರೆಗೆ ನೀರು ಕಡಿಮೆ ಬಳಸಿ ಎಂದು ಬೇಡಿಕೊಂಡು ಬಂದಿದ್ದೇನೆ. ದಯವಿಟ್ಟು ಅಷ್ಟರೊಳಗೆ ಕೊಳಚೆ ಹೀರುವ ಟ್ಯಾಂಕರನ್ನೂ ಸರಿಯಿರುವ ಮಷಿನನ್ನೂ ಕಳಿಸಿ.

ಸಿದ್ದಲಿಂಗನ ತಾಯಿ ಲಕ್ಕವ್ವ ಸಿಂದಗಿಯಲ್ಲಿ ಬಸ್ಸು ಹತ್ತಿದ್ದಾರೆ. ಮಗನಿಗೆ ಜ್ವರ ಎಂದಷ್ಟೇ ಹೇಳಿದ್ದೇನೆ. ಅವರು ಬರುವ ಹೊತ್ತಿಗೆ ನೀವು ಆಸ್ಪತ್ರೆಯಲ್ಲಿರಬೇಕು. ಮಗ ತಾಯಿಯನ್ನೂ ಅದೇ ಪ್ರಶ್ನೆ ಕೇಳಿದರೆ ನಾನೊಬ್ಬಳೇ ಅಲ್ಲಿ ನಿಲ್ಲಲಾರೆ.

ಇಂತಿ,
ಭಾಗ್ಯಜ್ಯೋತಿ